ಒಪ್ಪಿಸಿದ ಕೂಸು

ಸಂತೆಯಲ್ಲಿ ಬದನೆಕಾಯಿ ಕೊಳ್ಳುವ ಗೃಹಸ್ಥನು ಒಂದೊಂದು ಕಾಯಿಯನ್ನೂ ತಿರುವಿ ನೋಡಿ, ಹುಳುಕು ಕಂಡುದನ್ನು ಮತ್ತೆ ರಾಶಿಗೆ ಹಾಕುತ್ತಾನೆ. ಹಾಲಿಗೆ ನೀರು ಬೆರೆತಿದೆಯೆಂಬ ಸಂಶಯ ಮೂಡಿದರೆ ಗೃಹಿಣಿ ಬೆರಳದ್ದಿ ಪರೀಕ್ಷಿಸುತ್ತಾಳೆ. ಒಂದು ಜೊತೆ ಬೆಂಡೋಲೆ ಕೊಳ್ಳುವ ಮುನ್ನ ದಂಪತಿಗಳು ಮೂರು ಅಂಗಡಿಗಳ ಮೆಟ್ಟಿಲು ಹತ್ತಿ ಇಳಿಯುತ್ತಾರೆ. ಇಷ್ಟೆಲ್ಲ ಎಚ್ಚರದ ಆ ದಂಪತಿಗಳೇ ಎರಡು ವರ್ಷದ ಕೂಸನ್ನು ಬೆಳಗಿನ ಒಂಬತ್ತು ಗಂಟೆಗೆ ಪರರ ಮನೆಯ ಬಾಗಿಲಲ್ಲಿ ಇಳಿಸಿ, "ಸಂಜೆ ಬರ್ತೀವಮ್ಮಾ" ಎಂದು ಸ್ಕೂಟರು ತಿರುಗಿಸುವಾಗ, ಆ ಮನೆಗೆ ಹಿಂಬಾಗಿಲು ಇದೆಯೇ ಇಲ್ಲವೇ ಎಂಬುದನ್ನೂ ನೋಡಿರುವುದಿಲ್ಲ.

ಇದನ್ನು ಅಲಕ್ಷ್ಯವೆಂದು ಕರೆದರೆ ಅನ್ಯಾಯವಾದೀತು. ಬೆಳಗಿನ ಅವಸರ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣವೆಂದರೆ ಸಂಕೋಚ. ಕೂಸನ್ನು ನೋಡಿಕೊಳ್ಳಲು ಒಪ್ಪಿದವರನ್ನು ಪ್ರಶ್ನೆ ಮಾಡಿದರೆ ಅವರಿಗೆ ಮನಸ್ಸು ನೊಂದೀತು, ನೊಂದವರು ಕೂಸಿನ ಮೇಲೆ ಮುನಿದಾರು ಎಂಬ ಅಂಜಿಕೆ. ಬದನೆಕಾಯಿಯ ಅಂಗಡಿಯವನು ಮುನಿದರೆ ಇನ್ನೊಂದು ಅಂಗಡಿ ಉಂಟು. ಇಲ್ಲಿ ಆ ಧೈರ್ಯವಿಲ್ಲ.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳನ್ನು ಕೇಳಿ ಬಲ್ಲವರು, "ಇಂಥ ಊರುಗಳಲ್ಲಿಯೂ ಕೂಸು ಕಾಯುವ ಮನೆಗಳೇ? ಅದು ಬೆಂಗಳೂರಿನ ಮಾತಲ್ಲವೆ?" ಎಂದು ಆಶ್ಚರ್ಯಪಟ್ಟಾರು. ಆದರೆ ಊರು ಚಿಕ್ಕದಾದ ಮಾತ್ರಕ್ಕೆ ಸಂಸಾರ ದೊಡ್ಡದಾಗಿರಬೇಕೆಂಬ ನಿಯಮವಿಲ್ಲ. ೧೯೯೭ರ ಆಗಸ್ಟ್ ೧೫ರಂದು ದಾವಣಗೆರೆ ಹೊಸ ಜಿಲ್ಲೆಯಾಯಿತು. ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿಗಳೂ ಚಿತ್ರದುರ್ಗದಿಂದ ಜಗಳೂರೂ ಅದರ ಪಾಲಿಗೆ ಬಂದವು. ಹೊನ್ನಾಳಿಯ ಭಾಗವಾಗಿದ್ದ ನ್ಯಾಮತಿ ೨೦೧೮ರಲ್ಲಿ ತಾನೇ ಒಂದು ತಾಲ್ಲೂಕಾಯಿತು. ತಾಲ್ಲೂಕಾದ ಊರಿಗೆ ಕಚೇರಿಗಳು ಬರುತ್ತವೆ. ಕಚೇರಿಗಳ ಹಿಂದೆ ನೌಕರರು ಬರುತ್ತಾರೆ. ವರ್ಗದ ಆಜ್ಞೆಯಲ್ಲಿ ಗುಮಾಸ್ತನ ಹೆಸರು ಇರುತ್ತದೆ, ಉಪಾಧ್ಯಾಯಿನಿಯ ಹೆಸರು ಇರುತ್ತದೆ. ಮೊಮ್ಮಕ್ಕಳನ್ನು ಎತ್ತಿ ಆಡಿಸುವ ಅಜ್ಜಿಯ ಹೆಸರು ಮಾತ್ರ ಇರುವುದಿಲ್ಲ. ಅಜ್ಜಿ ತನ್ನ ಊರಿನಲ್ಲಿ, ತನ್ನ ತುಳಸಿಕಟ್ಟೆಯ ಮುಂದೆ ಉಳಿದುಬಿಡುತ್ತಾಳೆ. ಬಾಡಿಗೆಯ ಮನೆಯಲ್ಲಿ ಮೂರು ಜನ. ಅವರಲ್ಲಿ ಇಬ್ಬರಿಗೆ ಹತ್ತು ಗಂಟೆಗೆ ಹಾಜರಿ ಹಾಕಬೇಕು. ಮೂರನೆಯವನಿಗೆ ಇನ್ನೂ ಸರಿಯಾಗಿ ಮಾತು ಬಾರದು.

ಕಚೇರಿಯ ತಾಯಂದಿರದು ಈ ಕಥೆಯಾದರೆ ಕೂಲಿಯ ತಾಯಂದಿರದು ಇನ್ನೊಂದು. ಚನ್ನಗಿರಿಯ ಸೀಮೆಯಲ್ಲಿ ಅಡಿಕೆಯ ಕೊಯ್ಲು ಆರಂಭವಾಯಿತೆಂದರೆ ಖೇಣಿಮನೆಗಳ ಅಂಗಳದಲ್ಲಿ ಹೆಂಗಸರ ಸಾಲು ಕುಳಿತುಕೊಳ್ಳುತ್ತದೆ. ಈಗ ಸುಲಿಯುವ ಯಂತ್ರಗಳೂ ಬಂದಿವೆ. ಆದರೂ ಮೆಟ್ಟುಗತ್ತಿ ಮೂಲೆ ಸೇರಿಲ್ಲ. ಒಂದು ಕಡೆ ಕತ್ತಿಯ ಅಲಗು, ಇನ್ನೊಂದು ಕಡೆ ಅಡಿಕೆ ಬೇಯುವ ಹಂಡೆ, ನಡುವೆ ಹಳೆಯ ಸೀರೆಯ ಜೋಲಿಯಲ್ಲಿ ಕೂಸು. ಜೋಲಿಯಲ್ಲಿರುವಷ್ಟು ದಿನ ಅದು ಕ್ಷೇಮ. ಅಂಬೆಗಾಲು ಬಂದ ದಿನದಿಂದ ತಾಯಿಯ ಒಂದು ಕಣ್ಣು ಅಡಿಕೆಯ ಮೇಲೆ, ಒಂದು ಕಣ್ಣು ಹಂಡೆಯ ಕಡೆಗೆ. ಜಗಳೂರಿನದು ಮಳೆಯನ್ನು ನಂಬಿದ ಮೆಕ್ಕೆಜೋಳ, ಶೇಂಗಾಗಳ ಬಯಲು. ಮಳೆ ಕೈಕೊಟ್ಟ ವರ್ಷ ಕೆಲಸ ಹುಡುಕಿಕೊಂಡು ಊರು ಬಿಡುವ ಸಂಸಾರಗಳು ಕೂಸನ್ನು ಗಂಟುಮೂಟೆಯೊಡನೆ ಕರೆದೊಯ್ಯುತ್ತವೆ. ಇಲ್ಲವೆ ಎಂಟು ವರ್ಷದ ಅಕ್ಕನ ಸೊಂಟಕ್ಕೆ ಏರಿಸಿ ಹೋಗುತ್ತವೆ. ಆ ಅಕ್ಕನ ಶಾಲೆ ಅಂದಿಗೆ ಮುಗಿಯಿತು.

ಹಾಗಾದರೆ ಕಾನೂನು ಸುಮ್ಮನಿದೆಯೇ? ಹಾಗೆನ್ನುವಂತಿಲ್ಲ. ೧೯೪೮ರ ಕಾರ್ಖಾನೆಗಳ ಕಾಯ್ದೆಯೇ, ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಗೃಹ ಇರತಕ್ಕದ್ದೆಂದು ವಿಧಿಸಿತು. ೧೯೭೬ರಲ್ಲಿ ಆ ಐವತ್ತು ಮೂವತ್ತಕ್ಕೆ ಇಳಿಯಿತು. ೧೯೫೧ರ ತೋಟ ಕಾರ್ಮಿಕರ ಕಾಯ್ದೆಯು ಕಾಫಿ, ಚಹಾ ತೋಟಗಳಿಗೂ ಅದೇ ಹೊಣೆಯನ್ನು ಹೊರಿಸಿತು. ೨೦೧೭ರಲ್ಲಿ ಹೆರಿಗೆ ಸೌಲಭ್ಯದ ಕಾಯ್ದೆಗೆ ತಿದ್ದುಪಡಿಯಾಗಿ, ಐವತ್ತು ಮಂದಿ ನೌಕರರಿರುವ ಯಾವುದೇ ಸಂಸ್ಥೆ ಶಿಶುಗೃಹದ ಏರ್ಪಾಡು ಮಾಡಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಕೂಸನ್ನು ಕಂಡುಬರಬಹುದು ಎಂದಾಯಿತು. ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆಯೂ ಈ ಮಾತನ್ನು ಉಳಿಸಿಕೊಂಡಿದೆ. ಎಲ್ಲವೂ ಒಳ್ಳೆಯ ಮಾತುಗಳೇ. ಆದರೆ ನ್ಯಾಮತಿಯ ಬ್ಯಾಂಕಿನಲ್ಲಿ ಐವತ್ತು ಮಂದಿ ಎಲ್ಲಿಂದ ಬರಬೇಕು? ಹಳ್ಳಿಯ ಖೇಣಿಮನೆಯ ಹಾಜರಿ ಪುಸ್ತಕವನ್ನು ನೋಡುವವರು ಯಾರು? ಕಾನೂನು ದೊಡ್ಡ ಬಾಗಿಲುಗಳನ್ನು ತಟ್ಟಿ, ಚಿಕ್ಕ ಮನೆಗಳ ಬೀದಿಯ ತುದಿಯಲ್ಲಿಯೇ ಹಿಂದಿರುಗಿದಂತಾಗಿದೆ.

ಅಂಗನವಾಡಿಯ ವಿಷಯ ಬೇರೆ. ೧೯೭೫ರ ಅಕ್ಟೋಬರ್ ೨ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಮೊದಲು ಅಂಗಳ ಒದಗಿಸಿದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಇಂದು ಅಂಗನವಾಡಿಯಿಲ್ಲದ ಹಳ್ಳಿಯನ್ನು ಹುಡುಕುವುದು ಕಷ್ಟ. ಆದರೆ ಅಲ್ಲಿ ದಿನವೂ ಕುಳಿತು ಕಲಿಯುವವು ಮೂರರಿಂದ ಆರು ವರ್ಷದ ಮಕ್ಕಳು. ಅದಕ್ಕಿಂತ ಚಿಕ್ಕವಕ್ಕೆ ಆಹಾರದ ಪೊಟ್ಟಣ ಮನೆಗೆ ಹೋಗುತ್ತದೆ, ಆದರೆ ಕಾಯುವ ಕೈ ಹೋಗುವುದಿಲ್ಲ. ಅಂಗನವಾಡಿಯ ಬಾಗಿಲು ಮುಚ್ಚುವ ಹೊತ್ತಿಗೆ ಅಡಿಕೆ ಸುಲಿಯುವವಳ ಬುಟ್ಟಿ ಅರ್ಧವೂ ತುಂಬಿರುವುದಿಲ್ಲ. ಈ ಕೊರತೆಯನ್ನು ಮನಗಂಡೇ ರಾಜ್ಯ ಸರ್ಕಾರವು ೨೦೨೩-೨೪ನೆಯ ಸಾಲಿನ ಆಯವ್ಯಯದಲ್ಲಿ, ಉದ್ಯೋಗ ಖಾತರಿಯ ಕೂಲಿಗೆ ಹೋಗುವ ತಾಯಂದಿರ ಚಿಕ್ಕ ಮಕ್ಕಳಿಗಾಗಿ ೪,೦೦೦ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ'ಗಳನ್ನು ತೆರೆಯುವುದಾಗಿ ಸಾರಿತು. ಹೆಸರು ಎಷ್ಟು ಸೊಗಸಾಗಿದೆ! ಆದರೆ ಮನೆಯೆಂದಮೇಲೆ ಅದಕ್ಕೊಬ್ಬ ಯಜಮಾನ ಬೇಕು. ಕೂಸಿನ ಮನೆಗೆ ಯಜಮಾನರು ಕೂಸಿನ ತಂದೆತಾಯಿಗಳೇ ಅಲ್ಲದೆ ಮತ್ತಾರು?

ಈ ಯಜಮಾನಿಕೆಯ ಅರಿವು ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಹೊನ್ನಾಳಿಯ ಒಂದು ಸಂಸಾರದ ಅನುಭವವನ್ನು ಹೇಳಬಹುದು. ಹೆಸರುಗಳು ಬೇಡ. ಹೆಂಡತಿ ಪ್ರೌಢಶಾಲೆಯ ಉಪಾಧ್ಯಾಯಿನಿ, ಗಂಡ ಬ್ಯಾಂಕಿನಲ್ಲಿ ಗುಮಾಸ್ತ. ಎರಡೂವರೆ ವರ್ಷದ ಮಗಳನ್ನು ದಿನವೂ ಪಕ್ಕದ ಬೀದಿಯ ಮನೆಯೊಂದರಲ್ಲಿ ಬಿಡುತ್ತಿದ್ದರು. ಒಂದು ಮಳೆಗಾಲ. ತುಂಗಭದ್ರೆ ಸೇತುವೆಯ ಕಂಬಗಳನ್ನು ಅರ್ಧಕ್ಕಿಂತ ಮೇಲೆ ನುಂಗಿ ಹರಿಯುತ್ತಿದ್ದಳು. ದೂರದ ಮಕ್ಕಳು ಮನೆ ಸೇರಲೆಂದು ಶಾಲೆಯನ್ನು ಮಧ್ಯಾಹ್ನಕ್ಕೇ ಬಿಟ್ಟರು. ತಾಯಿ ನೇರವಾಗಿ ಮಗಳಿದ್ದ ಮನೆಗೆ ನಡೆದಳು.

ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಕಿಟಕಿಯಲ್ಲಿ ಇಣುಕಿದರೆ ಒಂದೇ ಕೋಣೆಯಲ್ಲಿ ಹದಿನಾಲ್ಕು ಮಕ್ಕಳು. ದೊಡ್ಡವರು ಯಾರೂ ಇಲ್ಲ; ಒಂಬತ್ತು ವರ್ಷದ ಒಬ್ಬ ಹುಡುಗಿ ಕೈಯಲ್ಲಿ ಕೋಲು ಹಿಡಿದು 'ಟೀಚರ್' ಆಗಿದ್ದಳು. ಒಳಗಿನ ಒಲೆಯ ಮೇಲೆ ಅನ್ನದ ಪಾತ್ರೆ ಕುದಿಯುವ ಸದ್ದು ಕೇಳುತ್ತಿತ್ತು. ಹಿಂಬಾಗಿಲಿಗೆ ಅಡ್ಡವಾಗಿ ಒಂದು ಬೀರು ನಿಂತಿತ್ತು. ಮಗಳು ಕಿಟಕಿಯ ಸರಳಿನವರೆಗೆ ಬಂದು ಅಮ್ಮನ ಬೆರಳು ಹಿಡಿದಳು, ಅಳಲಿಲ್ಲ. ಅಳದೆ ಇದ್ದುದೇ ತಾಯಿಯ ಎದೆಗೆ ಹೆಚ್ಚು ನಾಟಿತು. ಇದು ಆ ಕೂಸಿಗೆ ಹೊಸದಲ್ಲವೆಂದಾಯಿತಷ್ಟೆ.

ಹತ್ತು ನಿಮಿಷಗಳಲ್ಲಿ ಮನೆಯಾಕೆ ಕೊಡೆ ಮಡಿಸಿಕೊಳ್ಳುತ್ತ ಓಡಿಬಂದಳು. "ಎಣ್ಣೆ ಮುಗಿದಿತ್ತು ಮೇಡಂ, ಇಲ್ಲೇ ಅಂಗಡಿಗೆ ಹೋಗಿದ್ದೆ" ಎಂದವಳು, ತಾಯಿಯ ಮುಖ ನೋಡಿ ದನಿ ತಗ್ಗಿಸಿದಳು. "ನನಗಿರೋವು ಎರಡು ಕೈ, ಮಕ್ಕಳು ಹದಿನಾಕು. ಇನ್ನೊಬ್ಬಳನ್ನ ಇಟ್ಕೊಂಡ್ರೆ ಸಂಬಳ ಎಲ್ಲಿಂದ ಕೊಡ್ಲಿ? ನೀವೆಲ್ಲ ಕೊಡೋದು ಎಷ್ಟು ಅಂತ ನಿಮಗೇ ಗೊತ್ತಲ್ಲ."

ಬಯ್ಯಬೇಕೆಂದು ಬಾಯಿ ತೆರೆದಿದ್ದ ತಾಯಿಗೆ ಬಯ್ಗುಳ ಬರಲಿಲ್ಲ. ಆಕೆ ಹೇಳಿದುದರಲ್ಲಿ ಸುಳ್ಳೇನೂ ಇರಲಿಲ್ಲ.

ರಾತ್ರಿ ಗಂಡನು, "ನಾಳೆಯಿಂದ ಬೇರೆ ಕಡೆ ಬಿಡೋಣ" ಎಂದನು. "ಆ ಬೇರೆ ಕಡೆಯ ಕಿಟಕಿಯಲ್ಲಿ ಇಣುಕಿ ನೋಡಿದ್ದೀರೇನ್ರೀ?" ಎಂದಳು ಹೆಂಡತಿ. ಊರಿನಲ್ಲಿದ್ದ ಅತ್ತೆಗೆ ದೂರವಾಣಿಯಲ್ಲಿ ವಿಷಯ ತಿಳಿಸಿದಾಗ, 'ಕೆಲಸ ಬಿಟ್ಟು ಮನೆಯಲ್ಲಿರು' ಎಂಬ ಮಾತನ್ನೇ ಅವಳು ನಿರೀಕ್ಷಿಸಿದ್ದಳು. ಅತ್ತೆ ಆಡಿದುದು ಬೇರೆ: "ನಮ್ಮ ಕಾಲದಾಗೆ ಮನೆ ತುಂಬ ಜನ ಇದ್ರು ಕಣವ್ವಾ. ಆದ್ರೂ ನನ್ನ ನಾದಿನಿ ಮಗ ಬಚ್ಚಲು ಹಂಡೇಲಿ ಕೈ ಸುಟ್ಟುಕೊಂಡ. ಅವರು ನೋಡ್ತಾರೆ ಅಂತ ಇವರು, ಇವರು ನೋಡ್ತಾರೆ ಅಂತ ಅವರು. ಎಲ್ಲರ ಕೂಸು ಅಂದ್ರೆ ಯಾರ ಕೂಸೂ ಅಲ್ಲ. ಯಾರು ನೋಡೋದು ಅಂತ ಮೊದಲು ಗೊತ್ತುಮಾಡ್ಕೊಳ್ಳಿ."

ಹಳೆಯ ಕಾಲವನ್ನು ಹೊಗಳುವವರು ಈ ಮುದುಕಿಯ ಮಾತನ್ನು ಗಮನಿಸಬೇಕು. ಅವಿಭಕ್ತ ಕುಟುಂಬ ಮುರಿದುದರಿಂದಲೇ ಕೂಸಿಗೆ ಅಪಾಯ ಬಂದಿತೆಂಬುದು ಅರ್ಧ ಸತ್ಯ. ಜನ ಎಷ್ಟಿದ್ದರೂ ಹೊಣೆ ಇಂಥವರದೆಂದು ನಿಶ್ಚಯವಾಗದಿದ್ದರೆ ಅಪಾಯ ಅಂದೂ ಇತ್ತು, ಇಂದೂ ಇದೆ. ಮೇಲ್ವಿಚಾರಣೆ ಎಂಬ ದೊಡ್ಡ ಶಬ್ದದ ಚಿಕ್ಕ ಅರ್ಥ ಇಷ್ಟೆ: ಯಾರು ನೋಡುವುದು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು.

ಗೊತ್ತುಮಾಡಿಕೊಳ್ಳದೆ ಹೋದರೆ ಏನಾಗುತ್ತದೆಂಬುದನ್ನು ಜಗತ್ತು ಕಣ್ಣೀರಿನಲ್ಲಿ ಬರೆದಿಟ್ಟಿದೆ. ತಮಿಳುನಾಡಿನ ಕುಂಭಕೋಣದಲ್ಲಿ ೨೦೦೪ರ ಜುಲೈ ೧೬ರಂದು ಶಾಲೆಯೊಂದರ ಗರಿಯ ಮಾಡಿಗೆ ಬೆಂಕಿ ಹೊತ್ತಿ ೯೪ ಮಕ್ಕಳು ಅಳಿದರು. ಅಡುಗೆಯ ಬೆಂಕಿ ಹತ್ತಿರದಲ್ಲಿಯೇ ಇದ್ದುದು, ಹೊರಗೆ ಹೋಗುವ ದಾರಿ ಇಕ್ಕಟ್ಟಾಗಿದ್ದುದು, ಗರಿಯ ಮಾಡು ತಲೆಯ ಮೇಲಿದ್ದುದು, ಇವಾವುವೂ ಅಂದೇ ಹುಟ್ಟಿದವಲ್ಲ. ನಿತ್ಯವೂ ಕಾಣುತ್ತಿದ್ದುವು, ನೋಡಬೇಕಾದವರು ನೋಡಿರಲಿಲ್ಲ. ಆ ದುರಂತದ ಬಳಿಕ ಹೂಡಿದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು ೨೦೦೯ರಲ್ಲಿ, ಶಿಕ್ಷಣದ ಹಕ್ಕಿನಲ್ಲಿ ಸುರಕ್ಷಿತವಾದ ಶಾಲೆಯ ಹಕ್ಕೂ ಸೇರಿದೆಯೆಂದು ತೀರ್ಪಿತ್ತು, ಬೆಂಕಿ ಆರಿಸುವ ಸಾಧನಗಳನ್ನು ಶಾಲೆಗಳಲ್ಲಿ ಇಡಬೇಕೆಂದು ಆಜ್ಞಾಪಿಸಿತು.

ಅದೇ ೨೦೦೯ರಲ್ಲಿ, ಜೂನ್ ೫ರಂದು, ಮೆಕ್ಸಿಕೋ ದೇಶದ ಎರ್ಮೊಸಿಯೋ ನಗರದ ಶಿಶುಗೃಹವೊಂದು ಹೊತ್ತಿ ಉರಿದು ೪೯ ಕೂಸುಗಳು ಸತ್ತವು. ಉಗ್ರಾಣವಾಗಿದ್ದ ಕಟ್ಟಡವನ್ನೇ ಶಿಶುಗೃಹವನ್ನಾಗಿ ಮಾಡಿದ್ದರು. ಬೆಂಕಿ ಮೊದಲು ಕಾಣಿಸಿಕೊಂಡುದು ಪಕ್ಕದ ಉಗ್ರಾಣದಲ್ಲಿ. ಹೊರಗೆ ನೆರೆದವರಲ್ಲಿ ಒಬ್ಬನು ತನ್ನ ವಾಹನವನ್ನೇ ಗೋಡೆಗೆ ಗುದ್ದಿ ದಾರಿ ಮಾಡಬೇಕಾಯಿತು. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳು ಅತ್ತು ಮನೆಯಲ್ಲಿ ಕುಳಿತುಕೊಳ್ಳಲಿಲ್ಲ. ಎರಡು ವರ್ಷಕ್ಕೂ ಮೇಲ್ಪಟ್ಟು ಬೀದಿಯಲ್ಲಿ, ಶಾಸನಸಭೆಯ ಬಾಗಿಲಲ್ಲಿ ನಿಂತರು. ೨೦೧೧ರ ಅಕ್ಟೋಬರಿನಲ್ಲಿ ಇಡೀ ದೇಶದ ಶಿಶುಗೃಹಗಳಿಗೆ ಅನ್ವಯಿಸುವ ಕಾಯ್ದೆ ಹೊರಬಂದಿತು. ಜನ ಅದನ್ನು 'ಜೂನ್ ಐದರ ಕಾಯ್ದೆ' ಎಂದೇ ಕರೆಯುತ್ತಾರೆ. ತಮ್ಮ ಕೂಸುಗಳಿಗಾಗಿ ಅವರು ಆ ಕಾಯ್ದೆಯನ್ನು ಕೇಳಲಿಲ್ಲ; ಅವರ ಕೂಸುಗಳು ಆಗಲೇ ಇರಲಿಲ್ಲ. ಕೇಳಿದುದು ಪರರ ಕೂಸುಗಳಿಗಾಗಿ.

ಕರ್ನಾಟಕದಲ್ಲಿಯೂ ಅಂಥ ದಿನ ಬಂದಿತ್ತು. ೨೦೧೪ರ ಜುಲೈ ತಿಂಗಳಿನಲ್ಲಿ ಬೆಂಗಳೂರಿನ ಖಾಸಗಿ ಶಾಲೆಯೊಂದರಲ್ಲಿ ಆರು ವರ್ಷದ ಮಗುವಿನ ಮೇಲೆ ಅತ್ಯಾಚಾರ ನಡೆಯಿತೆಂಬ ಸುದ್ದಿ ಹೊರಬಿದ್ದಾಗ, ಎಂದೂ ಘೋಷಣೆ ಕೂಗಿ ಅರಿಯದ ಸಾವಿರಾರು ತಂದೆತಾಯಿಗಳು ಬೀದಿಗಿಳಿದರು. ಶಾಲೆಗಳಲ್ಲಿ ಮಕ್ಕಳ ರಕ್ಷಣೆಗೆ ನಿಯಮಗಳು ಬೇಕೆಂಬ ಕೂಗು ಸರ್ಕಾರವನ್ನು ಮುಟ್ಟಿತು; ೨೦೧೬ರಲ್ಲಿ ರಾಜ್ಯಕ್ಕೊಂದು ಮಕ್ಕಳ ರಕ್ಷಣಾ ನೀತಿ ಬಂದಿತು. 'ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು' ಎಂಬುದು ಹಿರಿಯರ ಗಾದೆ. ಎಲ್ಲ ಕಡೆಯೂ ಬಾಗಿಲು ಹಾಕಿದುದು ಸೂರೆಯಾದ ಮೇಲೆಯೇ. ಗುಡ್ಡದ ಮೇಲೆ ಕೋಟೆಯನ್ನು ಹೊತ್ತು ನಿಂತ ಚನ್ನಗಿರಿಯವರಿಗೆ ಈ ಗಾದೆಯ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಹೊನ್ನಾಳಿಯ ಆ ಉಪಾಧ್ಯಾಯಿನಿ ಕೋಟೆ ಸೂರೆಹೋಗುವವರೆಗೆ ಕಾಯಲಿಲ್ಲ. ಮುಂದಿನ ಭಾನುವಾರ ಹನ್ನೊಂದು ಸಂಸಾರಗಳನ್ನು ತನ್ನ ಮನೆಯ ಜಗಲಿಗೆ ಕರೆದಳು. ಕಾಫಿ ಮುಗಿಯುವವರೆಗೆ ಎಲ್ಲರೂ ಮಳೆಯ ಮಾತನ್ನೇ ಆಡಿದರು. ಆಮೇಲೆ ಒಬ್ಬ ತಂದೆ, "ನಾವು ಹೆಚ್ಚು ಮಾತಾಡಿದರೆ ಆಕೆ ಬಾಗಿಲು ಹಾಕಿಬಿಟ್ಟಾಳು, ಆಗ ಗತಿಯೇನು?" ಎಂದನು. ಎಲ್ಲರ ಮನಸ್ಸಿನಲ್ಲಿದ್ದುದೂ ಅದೇ. ಇನ್ನೊಬ್ಬ ತಾಯಿ, ಮಗ ಕೆಲವು ಸಂಜೆ ಮಂಪರಿನಲ್ಲಿಯೇ ಮನೆಗೆ ಬರುತ್ತಾನೆ, ಕೆಮ್ಮಿನ ಔಷಧಿ ಕೊಟ್ಟು ಮಲಗಿಸುತ್ತಾರೋ ಏನೋ ಎಂದು ಮೆಲ್ಲಗೆ ಹೇಳಿದಳು. ಅಷ್ಟು ದಿನ ಅವಳದನ್ನು ತನ್ನ ಗಂಡನಿಗೂ ಹೇಳಿರಲಿಲ್ಲ. ಒಬ್ಬೊಬ್ಬರ ಮನಸ್ಸಿನಲ್ಲಿಯೂ ಒಂದೊಂದು ಇಂಥ ಗಂಟು ಇದ್ದಿತು. ಹನ್ನೊಂದು ಗಂಟುಗಳನ್ನು ಒಂದೆಡೆ ಬಿಚ್ಚಿದಾಗ ಅದು ಯಾರೊಬ್ಬರ ಅನುಮಾನವೂ ಅಲ್ಲ, ಎಲ್ಲರ ಕೆಲಸವೆಂದು ತೋರಿತು.

ಅವರು ಮನೆಯಾಕೆಯ ಮೇಲೆ ದೂರು ಬರೆಯಲಿಲ್ಲ. ಅವಳನ್ನೇ ಕರೆದು ಕೂರಿಸಿಕೊಂಡರು. ೨೦೧೩ರ ರಾಷ್ಟ್ರೀಯ ನೀತಿಯೊಂದು ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬರು, ಮೂರರಿಂದ ಆರು ವರ್ಷದ ಇಪ್ಪತ್ತು ಮಕ್ಕಳಿಗೆ ಒಬ್ಬರು ಇರಬೇಕೆಂದು ಹೇಳಿದೆ. ಅದರಂತೆ ನೋಡಿದರೂ ಹದಿನಾಲ್ಕು ಎಳೆಯ ಕೂಸುಗಳಿಗೆ ಇಬ್ಬರು ಬೇಕು. ಎರಡನೆಯವಳ ಸಂಬಳಕ್ಕಾಗಿ ಪ್ರತಿಯೊಂದು ಮನೆಯೂ ತಿಂಗಳ ಹಣವನ್ನು ಏರಿಸಿತು. ಇದನ್ನು ಕೇಳಿ ಎರಡು ಸಂಸಾರಗಳು ಮುನಿದು ಎದ್ದುಹೋದುದೂ ನಿಜವೇ. ಹೊರಗಿನಿಂದ ಚಿಲಕ ಹಾಕಬಾರದು; ಬೀರು ಹಿಂಬಾಗಿಲನ್ನು ಬಿಟ್ಟು ಸರಿಯಬೇಕು; ಒಲೆಯಿರುವ ಕೋಣೆಗೆ ಅಡ್ಡಗೋಲಿನ ಬಾಗಿಲು ಬೇಕು. ಕೂಸನ್ನು ತಂದವರು ಯಾರು, ಒಯ್ದವರು ಯಾರು ಎಂಬುದಕ್ಕೆ ಬಾಗಿಲ ಬಳಿ ಒಂದು ಪುಸ್ತಕ. ತಾಯಿಯ ಚೀಟಿಯಿಲ್ಲದೆ ಯಾವ ಔಷಧಿಯೂ ಕೂಡದು. ವೈದ್ಯರ, ತಂದೆತಾಯಿಗಳ, ಮಕ್ಕಳ ಸಹಾಯವಾಣಿ ೧೦೯೮ರ ಸಂಖ್ಯೆಗಳು ಗೋಡೆಯ ಮೇಲೆ. ವಾರಕ್ಕೆ ಇಬ್ಬರು ತಂದೆತಾಯಿಗಳು ಸರದಿಯಂತೆ, ಮೊದಲೇ ತಿಳಿಸದೆ, ಯಾವ ಹೊತ್ತಿನಲ್ಲಾದರೂ ಒಳಗೆ ಬಂದು ನೋಡಬಹುದು. ಕೊನೆಯದನ್ನು ಕೇಳಿ ಮನೆಯಾಕೆಯ ಮುಖ ಸಪ್ಪಗಾಯಿತು. ಉಪಾಧ್ಯಾಯಿನಿ, "ಬಂದವರು ಒಂದು ಅರ್ಧ ಗಂಟೆ ಕೂಸುಗಳನ್ನು ನೋಡಿಕೊಳ್ತಾರೆ ಅಕ್ಕಾ, ನೀವು ಅಷ್ಟು ಹೊತ್ತು ನೆಮ್ಮದಿಯಾಗಿ ಊಟ ಮಾಡಬಹುದು" ಎಂದಳು. ಆ ಹೆಂಗಸು ನಕ್ಕಳು. ಮಧ್ಯಾಹ್ನದ ಊಟವನ್ನು ಕುಳಿತು ಮಾಡಿ ಆಕೆಗೆ ವರ್ಷಗಳಾಗಿದ್ದುವು.

ಕಾಯುವವಳನ್ನು ಕಳ್ಳಿಯಂತೆ ಕಾಣುವುದು ಮೇಲ್ವಿಚಾರಣೆಯಲ್ಲ. ಚಿಲಕ ಹಾಕಿ ಎಣ್ಣೆಗೆ ಓಡಬೇಕಾದ ಸ್ಥಿತಿಯಲ್ಲಿ ಅವಳನ್ನು ಇಟ್ಟವರು ಕಡಿಮೆ ಹಣಕ್ಕೆ ಕೂಸನ್ನು ಒಪ್ಪಿಸಿದವರೂ ಹೌದು. ತೆರೆದ ಬಾಗಿಲು ಕೂಸನ್ನು ಕಾಯುವಷ್ಟೇ ಅವಳ ಮಾನವನ್ನೂ ಕಾಯುತ್ತದೆ: ಆಟದಲ್ಲಿ ಮೊಣಕಾಲು ತರಚಿದ ಮಗು ಮನೆಗೆ ಹೋದಾಗ, ಅಲ್ಲಿದ್ದ ಇನ್ನೊಬ್ಬ ತಾಯಿ ಸಾಕ್ಷಿ ಹೇಳುತ್ತಾಳೆ.

ಆದರೆ ಹನ್ನೊಂದು ಸಂಸಾರಗಳ ಜಗಲಿಯಲ್ಲಿ ಎಲ್ಲವೂ ಬಗೆಹರಿಯುವಂತಿಲ್ಲ. ಆ ತಂದೆತಾಯಿಗಳು ಒಂದು ಪತ್ರವನ್ನೂ ಬರೆದರು. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೂ ಊರಿನ ಆಡಳಿತಕ್ಕೂ ಅವರು ಕೇಳಿದುದು ಮೂರೇ ಮಾತು: ಊರಿನಲ್ಲಿ ಹಣ ಪಡೆದು ಕೂಸು ಕಾಯುವ ಮನೆಗಳೆಷ್ಟು, ಅವುಗಳ ಹೆಸರು ಯಾವ ಪುಸ್ತಕದಲ್ಲಿದೆ, ಅವನ್ನು ನೋಡಿಹೋಗುವ ಅಧಿಕಾರಿ ಯಾರು? ಮೂರೂ ಪ್ರಶ್ನೆಗಳು ಸಣ್ಣವೇ. ಉತ್ತರ ಬರೆಯಬೇಕಾದರೆ ಯಾರಾದರೊಬ್ಬರು ಆ ಮನೆಗಳವರೆಗೆ ನಡೆದು ಹೋಗಲೇಬೇಕು. ಪ್ರಶ್ನೆಯ ಪ್ರಯೋಜನವೂ ಅದೇ.

ಇಂಥ ಪತ್ರವನ್ನು ಬರೆಯಲು ಅಕ್ಷರ ಬಲ್ಲವರೇ ಮೊದಲು ಮುಂದೆ ಬರಬೇಕಾದುದು ಸಹಜ. ಆದರೆ ಅವರ ಪತ್ರದಲ್ಲಿ ತಮ್ಮ ಕೂಸಿನ ಹೆಸರು ಮಾತ್ರ ಇದ್ದರೆ ಸಾಲದು. ಪ್ರತಿಯೊಂದು ಅಂಗನವಾಡಿಗೂ ತಾಯಂದಿರು ಸೇರಿದ ಒಂದು ಬಾಲ ವಿಕಾಸ ಸಮಿತಿ ಉಂಟು. ಹಳ್ಳಿಗೆ ಗ್ರಾಮಸಭೆ ಉಂಟು. ಮಕ್ಕಳಿಗಾಗಿಯೇ ಮೀಸಲಾದ ಮಕ್ಕಳ ಗ್ರಾಮಸಭೆಯೂ ಉಂಟು. ಕೂಸಿನ ಮನೆಯಲ್ಲಿ ಕುಡಿಯುವ ನೀರು ಇದೆಯೇ, ಸಂಪಿಗೆ ಮುಚ್ಚಳ ಇದೆಯೇ, ಕಾಯುವವಳಿಗೆ ಕೂಲಿ ಹೊತ್ತಿಗೆ ಸರಿಯಾಗಿ ಸಂದಿದೆಯೇ ಎಂದು ಅಲ್ಲಿ ಎದ್ದುನಿಂತು ಕೇಳಬಹುದು. ೨೦೨೦ರ ಸಂಹಿತೆ ಹಲವು ಸಂಸ್ಥೆಗಳು ಸೇರಿ ಒಂದೇ ಶಿಶುಗೃಹವನ್ನು ಬಳಸಿಕೊಳ್ಳಲು ಅವಕಾಶ ಕೊಟ್ಟಿದೆ. ಐವತ್ತು ನೌಕರರಿಲ್ಲದ ಬ್ಯಾಂಕು, ಇಪ್ಪತ್ತು ಮಂದಿಯ ಕಚೇರಿ, ಹತ್ತು ಮಂದಿಯ ಶಾಲೆಗಳು ಕಾನೂನಿನ ಒತ್ತಾಯವಿಲ್ಲದಿದ್ದರೂ ಇದೇ ದಾರಿಯನ್ನು ಹಿಡಿಯಬಾರದೇಕೆ? ಕೊಯ್ಲಿನ ನಾಲ್ಕು ತಿಂಗಳು ಖೇಣಿದಾರರು ಕೂಡಿ ಒಂದು ಕೋಣೆಯನ್ನೂ ಒಬ್ಬ ಹೆಂಗಸನ್ನೂ ಗೊತ್ತುಮಾಡಿದರೆ ಹಂಡೆಯ ಬದಿಯ ಜೋಲಿ ಅಲ್ಲಿಂದ ಎದ್ದು ಹೋಗುತ್ತದೆ. ೧೯೬೯ರಲ್ಲಿ ಮೀರಾ ಮಹಾದೇವನ್ ಅವರು ದೆಹಲಿಯ ಕಟ್ಟಡದ ಕೆಲಸದ ಬಯಲಿನಲ್ಲಿ ದುಡಿಯುವ ತಾಯಂದಿರ ಕೂಸುಗಳಿಗಾಗಿ 'ಮೊಬೈಲ್ ಕ್ರೆಷಸ್' ಆರಂಭಿಸಿದಾಗ, ದೊಡ್ಡ ಕಟ್ಟಡಕ್ಕಾಗಿ ಕಾದು ಕುಳಿತಿರಲಿಲ್ಲ. ಕೆಲಸ ಎಲ್ಲಿತ್ತೋ ಶಿಶುಗೃಹವೂ ಅಲ್ಲಿಗೇ ಹೋಯಿತು.

ಸಂವಿಧಾನದ ೪೫ನೆಯ ವಿಧಿಯು, ೨೦೦೨ರ ತಿದ್ದುಪಡಿಯ ತರುವಾಯ, ಆರು ವರ್ಷ ತುಂಬುವವರೆಗಿನ ಎಲ್ಲ ಮಕ್ಕಳ ಪಾಲನೆಗೂ ಶಿಕ್ಷಣಕ್ಕೂ ರಾಜ್ಯವು ಪ್ರಯತ್ನಿಸತಕ್ಕದ್ದೆಂದು ಹೇಳುತ್ತದೆ. ಪ್ರಯತ್ನವೆಂಬುದು ಬಹಳ ಮೆತ್ತಗಿನ ಶಬ್ದ. ಅದನ್ನು ಗಟ್ಟಿಮಾಡುವುದು ಕೇಳುವವರ ಕೆಲಸ. ಆರು ತುಂಬಿದ ಮಗು ಶಾಲೆಯಿಂದ ಬಂದು ನಡೆದುದನ್ನು ಹೇಳಬಲ್ಲುದು. ಅದರ ಪರವಾಗಿ ಮಾತಾಡಲು ಅದಕ್ಕೇ ನಾಲಿಗೆಯುಂಟು. ಎರಡು ವರ್ಷದ್ದಕ್ಕೆ ಅದಿಲ್ಲ. ತನಗೆ ಹಸಿವಾಗಿತ್ತೆಂದೂ, ಕತ್ತಲೆಯಲ್ಲಿ ಹೆದರಿತೆಂದೂ, ಯಾರೋ ಗದರಿದರೆಂದೂ ಅದು ಹೇಳಲಾರದು. ಸಂಜೆ ಬಂದವರ ಕುತ್ತಿಗೆಗೆ ಕೈ ಹಾಕಿ ಅಪ್ಪಿಕೊಳ್ಳುತ್ತದೆ, ಅಷ್ಟೆ. ಉಳಿದುದನ್ನು ಬಾಗಿಲಲ್ಲಿ ನಿಂತು ಕೇಳಬೇಕಾದವರು ಹೆತ್ತವರು. ಕೇಳಿದುದರಿಂದ ಸಜ್ಜನರ ಮನಸ್ಸು ನೋಯುವುದಿಲ್ಲ. ನೊಂದರೂ ನಾಲ್ಕು ದಿನಕ್ಕೆ ಮಾಯುತ್ತದೆ.